ಸಾವು ಬೇಡಿದವನಿಗೆ ಸಾವೇ ಬರಲಿಲ್ಲ: ಥಾಣೆಯ ಯಹೂದಿಗಳು ಅವಲಕ್ಕಿ ಇಟ್ಟು ನೆನೆಯುವ ಪ್ರವಾದಿ ಎಲೀಯ ಯಾರು?

ಥಾಣೆ: ಸಾವಾದರೂ ಬರಲಿ ಎಂದು ಗಿಡದ ಕೆಳಗೆ ಕುಳಿತು ದೇವರನ್ನು ಬೇಡಿಕೊಂಡ ಮನುಷ್ಯನೊಬ್ಬ ಸಾಯಲೇ ಇಲ್ಲ ಎಂದು ನಂಬುವ ಜನ ಥಾಣೆಯಲ್ಲಿದ್ದಾರೆ. ಮನೆಯಲ್ಲಿ ಮದುವೆ ಗೊತ್ತಾದರೆ, ಹೊಸ ಮನೆಗೆ ಕಾಲಿಟ್ಟರೆ, ಕಾಯಿಲೆ ಬಿದ್ದವರು ಎದ್ದು ಕುಳಿತರೆ ಅವರು ತಟ್ಟೆಯಲ್ಲಿ ಸಿಹಿ ಅವಲಕ್ಕಿ, ಹಣ್ಣು ಇಟ್ಟು ಅವನ ಹೆಸರಿನಲ್ಲಿ ಹಾಡುತ್ತಾರೆ. ಅವರು ಬೆನೆ ಇಸ್ರೇಲ್ ಯಹೂದಿಗಳು. ಅವನು ಹೀಬ್ರೂ ಭಾಷೆಯಲ್ಲಿ ಎಲಿಯಾಹು, ಮುಸ್ಲಿಮರಿಗೆ ಇಲ್ಯಾಸ್, ಕನ್ನಡ ಬೈಬಲ್ ಓದಿದವರಿಗೆ ಪ್ರವಾದಿ ಎಲೀಯ.

ಥಾಣೆಯ ಟೇಂಭಿ ನಾಕಾ ಎಂದರೆ ಹೆಚ್ಚಿನವರಿಗೆ ನವರಾತ್ರಿಯ ದೇವಿ ನೆನಪಾಗುತ್ತಾಳೆ. ಅದೇ ಭಾಗದಲ್ಲಿ 1879ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರವೊಂದಿದೆ. ಹೆಸರು ಶಾರ್ ಹಶಮಾಯಿಮ್, ಅಂದರೆ ಸ್ವರ್ಗದ ಬಾಗಿಲು. ನವಿ ಮುಂಬೈಗೆ ಅಂಟಿಕೊಂಡಿರುವ ಪನ್ವೇಲ್‌ನಲ್ಲಿ ಅದಕ್ಕಿಂತ ಹಳೆಯದು, 1849ರ ಬೆತ್ ಎಲ್ ಇದೆ. ಇಂದು ಭಾರತದಲ್ಲಿ ಉಳಿದಿರುವ ಯಹೂದಿಗಳ ಸಂಖ್ಯೆ ಕೆಲವೇ ಸಾವಿರ. ಅವರಲ್ಲಿ ಗಣನೀಯ ಪಾಲು ಥಾಣೆ ಮತ್ತು ಮುಂಬೈ ಸುತ್ತಮುತ್ತಲಿನವರದು.

ಸ್ವರ್ಗದ ಬಾಗಿಲು ಎಂಬ ಹೆಸರು ಯಹೂದಿಗಳ ಗೂಢವಿದ್ಯೆಯ ಲೋಕಕ್ಕೂ ಹೊಸದಲ್ಲ. ಕಬ್ಬಾಲಾ ಎಂದು ಕರೆಯುವ ಆ ಪರಂಪರೆಯಲ್ಲಿ ಇದೇ ಹೆಸರಿನ ಗ್ರಂಥವಿದೆ. 17ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದ ಅಬ್ರಹಾಂ ಕೊಹೆನ್ ಡಿ ಹೆರೇರಾ ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ ಅದು 1655ರಲ್ಲಿ ಹೀಬ್ರೂ ರೂಪ ಪಡೆಯಿತು. ಥಾಣೆಯ ಮಂದಿರಕ್ಕೂ ಆ ಪುಸ್ತಕಕ್ಕೂ ನೇರ ಸಂಬಂಧವಿಲ್ಲ. ಯಾಕೋಬ ಕನಸಿನಲ್ಲಿ ಏಣಿ ಕಂಡ ಬೈಬಲ್ ಕಥೆಯೇ ಎರಡೂ ಹೆಸರುಗಳ ಮೂಲ. ಆದರೆ ಕಬ್ಬಾಲಾ ಪಂಡಿತರು ಗುರು ಎಂದು ಒಪ್ಪಿಕೊಂಡವನೂ, ಥಾಣೆಯ ಮನೆಗಳಲ್ಲಿ ಅವಲಕ್ಕಿ ತಟ್ಟೆಯ ಮುಂದೆ ಕರೆಸಿಕೊಳ್ಳುವವನೂ ಒಬ್ಬನೇ.

ಬರಗಾಲ ತಂದವನು

ಎಲೀಯನ ಕಥೆ ಇರುವುದು ಬೈಬಲ್‌ನ ಅರಸುಗಳು ಎಂಬ ಭಾಗದಲ್ಲಿ. ಕಾಲ ಕ್ರಿಸ್ತಪೂರ್ವ 9ನೇ ಶತಮಾನ. ಉತ್ತರದ ಇಸ್ರೇಲ್ ರಾಜ್ಯವನ್ನು ಅಹಾಬ ಆಳುತ್ತಿದ್ದ. ಅವನ ರಾಣಿ ಈಜೆಬೆಲ್ ಚೀದೋನಿನ ರಾಜಕುಮಾರಿ. ತವರಿನಿಂದ ಬರುವಾಗ ಬಾಳ್ ದೇವರ ಆರಾಧನೆಯನ್ನೂ ತಂದಳು. ಬಾಳ್ ಮಳೆಯ, ಗುಡುಗಿನ ದೇವರು. ಬೇಸಾಯ ನಂಬಿದ ನಾಡಿನಲ್ಲಿ ಮಳೆ ದೇವರಿಗೆ ಭಕ್ತರು ಕಡಿಮೆಯಾಗುತ್ತಾರೆಯೇ?

ಎಲೀಯ ಯೊರ್ದನ್ ನದಿಯಾಚೆಯ ಗಿಲ್ಯಾದಿನವನು. ತಂದೆ ಯಾರು, ಮನೆತನ ಯಾವುದು ಎಂಬ ಒಂದು ಸಾಲೂ ಗ್ರಂಥದಲ್ಲಿಲ್ಲ. ಕೂದಲಿನ ಉಡುಪು, ಸೊಂಟಕ್ಕೆ ಚರ್ಮದ ಪಟ್ಟಿ. ನೇರವಾಗಿ ರಾಜನ ಎದುರು ಬಂದು ನಿಂತವನೇ, ತಾನು ಹೇಳುವವರೆಗೆ ಮಳೆಯಿಲ್ಲ, ಇಬ್ಬನಿಯೂ ಇಲ್ಲ ಎಂದು ಸಾರಿ ಮಾಯವಾದ. ಮಳೆ ದೇವರನ್ನು ಮಳೆಯ ವಿಷಯದಲ್ಲೇ ಕೆಣಕಿದ್ದ.

ಆಮೇಲೆ ಅವನು ತಲೆಮರೆಸಿಕೊಂಡದ್ದು ಕೆರೀತ್ ಎಂಬ ಹಳ್ಳದ ಬಳಿ. ಕಾಗೆಗಳು ಬೆಳಗ್ಗೆ, ಸಂಜೆ ರೊಟ್ಟಿ ಮತ್ತು ಮಾಂಸ ತಂದುಕೊಟ್ಟವಂತೆ. ಬರ ಜೋರಾದಾಗ ಆ ಹಳ್ಳವೂ ಬತ್ತಿತು. ತಾನೇ ಕರೆದ ಬರ ತನ್ನನ್ನೂ ಬಿಡಲಿಲ್ಲ. ಹೊರಟವನು ಸೇರಿದ್ದು ಚಾರೆಪ್ತಾ ಎಂಬ ಊರನ್ನು. ಅದು ಈಜೆಬೆಲಳ ತವರು ನಾಡು! ಅಲ್ಲಿ ಒಬ್ಬ ಬಡ ವಿಧವೆ, ಮಡಕೆಯ ತಳದಲ್ಲಿದ್ದ ಕೊನೆಯ ಹಿಡಿ ಹಿಟ್ಟಿನಲ್ಲಿ ತನಗೂ ಮಗನಿಗೂ ರೊಟ್ಟಿ ಮಾಡಿ ತಿಂದು ಸಾಯಲು ಕಟ್ಟಿಗೆ ಆಯುತ್ತಿದ್ದಳು. ಮೊದಲು ತನಗೊಂದು ರೊಟ್ಟಿ ಮಾಡಿಕೊಡುವಂತೆ ಎಲೀಯ ಕೇಳಿದ. ಕೊಟ್ಟಳು. ಅಂದಿನಿಂದ ಬರ ಮುಗಿಯುವವರೆಗೆ ಆ ಮಡಕೆಯ ಹಿಟ್ಟು, ಕುಡಿಕೆಯ ಎಣ್ಣೆ ಮುಗಿಯಲಿಲ್ಲ. ದ್ರೌಪದಿಯ ಅಕ್ಷಯ ಪಾತ್ರೆ ಗೊತ್ತಿರುವ ನಮ್ಮ ಕಡೆಯವರಿಗೆ ಇದು ಅಪರಿಚಿತ ಕಥೆಯೇನಲ್ಲ. ಮುಂದೆ ಅವಳ ಮಗ ಕಾಯಿಲೆಯಿಂದ ಉಸಿರು ನಿಲ್ಲಿಸಿದಾಗ ಎಲೀಯ ಹುಡುಗನ ಮೇಲೆ ಮೂರು ಸಲ ಬೋರಲಾಗಿ ಮಲಗಿ ಪ್ರಾರ್ಥಿಸಿದ. ಮಗು ಕಣ್ಣು ಬಿಟ್ಟಿತು.

ಮಾಟ, ಮಂತ್ರ, ಕಣಿ ಹೇಳುವುದು, ಸತ್ತವರೊಡನೆ ಮಾತಾಡುವುದು, ಇವೆಲ್ಲವನ್ನೂ ಯಹೂದಿ ಧರ್ಮಗ್ರಂಥ ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಹಾಗಾದರೆ ಎಲೀಯ ಮಾಡಿದ್ದು ಏನು? ಮಾಟಗಾರ ಶಕ್ತಿಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ, ಪ್ರವಾದಿ ಕೇಳಿಕೊಳ್ಳುತ್ತಾನೆ ಎಂಬುದು ಸಂಪ್ರದಾಯದ ಉತ್ತರ. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿದೆ. ಜನರ ಬದುಕಿನಲ್ಲಿ ಅದು ಅಳಿಸಿಹೋಗಿದ್ದೇ ಹೆಚ್ಚು.

ಬೆಟ್ಟದ ಮೇಲೆ ಗೆಲುವು, ಗಿಡದ ಕೆಳಗೆ ಸೋಲು

ಮೂರನೇ ವರ್ಷದಲ್ಲಿ ಎಲೀಯ ಮತ್ತೆ ರಾಜನ ಮುಂದೆ ಬಂದ. ಈ ಬಾರಿ ಬಹಿರಂಗ ಪರೀಕ್ಷೆ. ಕರ್ಮೆಲ್ ಬೆಟ್ಟದ ಮೇಲೆ ಬಾಳ್ ದೇವರ ಕಡೆಯವರು 450 ಮಂದಿ, ಇತ್ತ ಇವನೊಬ್ಬ. ಎರಡು ಹೋರಿ, ಎರಡು ಬಲಿಪೀಠ. ಬೆಂಕಿ ಹಚ್ಚುವಂತಿಲ್ಲ, ಯಾರ ದೇವರು ಆಕಾಶದಿಂದ ಬೆಂಕಿ ಕಳಿಸುತ್ತಾನೋ ಅವನೇ ದೇವರು. ಅವರು ಬೆಳಗಿನಿಂದ ಕುಣಿದರು, ಕೂಗಿದರು, ಮೈಗೆ ಗಾಯ ಮಾಡಿಕೊಂಡರು. ನಿಮ್ಮ ದೇವರು ನಿದ್ದೆಯಲ್ಲಿರಬೇಕು, ಜೋರಾಗಿ ಕೂಗಿ ಎಂದು ಎಲೀಯ ಗೇಲಿ ಮಾಡಿದ. ತನ್ನ ಸರದಿ ಬಂದಾಗ ಹನ್ನೆರಡು ಕಲ್ಲು ಜೋಡಿಸಿ, ಸುತ್ತ ಕಾಲುವೆ ತೋಡಿ, ಕಟ್ಟಿಗೆಯ ಮೇಲೆ ಮೂರು ಸಲ ನೀರು ಸುರಿಸಿದ. ಬೆಂಕಿ ಬಿತ್ತು. ಬಲಿ, ಕಟ್ಟಿಗೆ, ಕಲ್ಲು, ಕಾಲುವೆಯ ನೀರು ಎಲ್ಲವೂ ಹೋಯಿತು.

ಆಮೇಲೆ ನಡೆದದ್ದನ್ನು ಭಕ್ತರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಸೋತ 450 ಮಂದಿಯನ್ನೂ ಕೀಷೋನ್ ಹಳ್ಳಕ್ಕೆ ಕರೆದೊಯ್ದು ಎಲೀಯ ಕೊಲ್ಲಿಸಿದ. ಅವನ ಭಕ್ತಿ ಬೆರಕೆ ಸಹಿಸುವ ಭಕ್ತಿ ಆಗಿರಲಿಲ್ಲ. ಈ ಸಂಗತಿ ನೆನಪಿಟ್ಟುಕೊಳ್ಳಬೇಕು, ಕೊಂಕಣದ ಕಥೆಗೆ ಬಂದಾಗ ಬೇಕಾಗುತ್ತದೆ.

ಅಂದೇ ಸಮುದ್ರದ ಕಡೆಯಿಂದ ಅಂಗೈಯಷ್ಟು ಮೋಡ ಎದ್ದು ಮಳೆ ಸುರಿಯಿತು. ಗೆದ್ದವನು ಗೆಲುವನ್ನು ಅನುಭವಿಸಬೇಕಿತ್ತು. ಆದರೆ ಕೊಂದೇ ತೀರುತ್ತೇನೆ ಎಂದು ಈಜೆಬೆಲ್ ಹೇಳಿಕಳಿಸಿದ್ದೇ ತಡ, ಎಲೀಯ ಓಡಿದ. ದಕ್ಷಿಣದ ಬೇರ್ಷೆಬ ದಾಟಿ, ಅಡವಿಯಲ್ಲಿ ಒಂದು ದಿನ ನಡೆದು, ಗಿಡವೊಂದರ ಕೆಳಗೆ ಕುಸಿದು, ಸಾಕು, ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡ. ಇಡೀ ಕಥೆಯಲ್ಲಿ ಎಲೀಯ ನಮ್ಮಂಥ ಮನುಷ್ಯನಾಗಿ ಕಾಣುವುದು ಇಲ್ಲಿಯೇ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಉಂಡು ಮಲಗಿದವನನ್ನು ಮತ್ತೆ ಎಬ್ಬಿಸಿ ಉಣ್ಣಿಸಿದ.

ಅಲ್ಲಿಂದ 40 ದಿನ ನಡೆದು ಹೋರೇಬ್ ಬೆಟ್ಟದ ಗವಿ ಸೇರಿದ. ಬಂಡೆ ಸೀಳುವ ಗಾಳಿ ಬಂತು, ದೇವರು ಅದರಲ್ಲಿರಲಿಲ್ಲ. ಭೂಕಂಪವಾಯಿತು, ಅದರಲ್ಲೂ ಇರಲಿಲ್ಲ. ಬೆಂಕಿಯಲ್ಲೂ ಇರಲಿಲ್ಲ. ಎಲ್ಲ ಅಡಗಿದ ಮೇಲೆ ಕೇಳಿಯೂ ಕೇಳಿಸದಂಥ ಮೆಲುದನಿ ಬಂತು. ಎಲೀಯ ಕಂಬಳಿಯಿಂದ ಮುಖ ಮುಚ್ಚಿಕೊಂಡ. ಬೆಂಕಿ ಇಳಿಸಿ ಗೆದ್ದವನಿಗೆ ಬೆಂಕಿಯಲ್ಲಿ ದೇವರಿಲ್ಲ ಎಂದು ತೋರಿಸಿದ ಈ ಪ್ರಸಂಗವನ್ನು ಯಹೂದಿ ಅನುಭಾವಿಗಳು ಶತಮಾನಗಳಿಂದ ಧ್ಯಾನಿಸಿದ್ದಾರೆ.

ಕೊನೆಯ ಪಯಣದಲ್ಲಿ ಜೊತೆಗಿದ್ದದ್ದು ಶಿಷ್ಯ ಎಲೀಷ. ಕಂಬಳಿ ಮಡಿಸಿ ಹೊಡೆದಾಗ ಯೊರ್ದನ್ ನದಿ ಇಬ್ಭಾಗವಾಯಿತು. ಆಚೆ ದಡದಲ್ಲಿ ಮಾತಾಡುತ್ತಾ ನಡೆಯುತ್ತಿದ್ದಾಗ ಬೆಂಕಿಯ ರಥ, ಬೆಂಕಿಯ ಕುದುರೆಗಳು ನಡುವೆ ಬಂದವು. ಸುಂಟರಗಾಳಿಯಲ್ಲಿ ಎಲೀಯ ಮೇಲೆ ಹೋದ. ಕಂಬಳಿ ಮಾತ್ರ ಕೆಳಗೆ ಬಿತ್ತು.

ರಬ್ಬಿಗಳ ಗುರು, ಬಾಣಂತಿಯರ ಕಾವಲುಗಾರ

ಸಾಯದೇ ಹೋದವನು ಮರಳಿ ಬರಬಹುದಲ್ಲ? ಮೆಸ್ಸೀಯ ಬರುವ ಮೊದಲು ಎಲೀಯ ಬರುತ್ತಾನೆ ಎಂಬ ನಂಬಿಕೆಯ ಬೇರು ಪ್ರವಾದಿ ಮಲಾಕಿಯ ಗ್ರಂಥದಲ್ಲಿದೆ. ಪಾಸ್ಕ ಹಬ್ಬದ ಊಟದಲ್ಲಿ ಯಹೂದಿಗಳು ಅವನಿಗಾಗಿ ಒಂದು ಬಟ್ಟಲು ತುಂಬಿಡುತ್ತಾರೆ, ಗಂಡುಮಗುವಿನ ಸುನ್ನತಿಯ ವೇಳೆ ಒಂದು ಕುರ್ಚಿ ಖಾಲಿ ಬಿಡುತ್ತಾರೆ. ತಾಲ್ಮುದ್‌ನ ಕಥೆಗಳಲ್ಲಿ ಅವನು ಭಿಕ್ಷುಕನಾಗಿ, ದಾರಿಹೋಕನಾಗಿ, ವ್ಯಾಪಾರಿಯಾಗಿ ಕಾಣಿಸಿಕೊಳ್ಳುತ್ತಾನೆ. ಕಲ್ಯಾಣ ಜಂಕ್ಷನ್‌ನಲ್ಲಿ ರೈಲು ಹತ್ತಿ ಗಾಣಗಾಪುರಕ್ಕೆ ಹೋಗುವ ಭಕ್ತರು, ದತ್ತಾತ್ರೇಯ ಯಾವ ವೇಷದಲ್ಲಿ ಭಿಕ್ಷೆಗೆ ಬರುತ್ತಾನೋ ಎಂದು ಯಾರನ್ನೂ ಬರಿಗೈಯಲ್ಲಿ ಕಳಿಸದಿರುವಂತೆಯೇ ಇದು.

ಮಧ್ಯಯುಗದಲ್ಲಿ ಕಬ್ಬಾಲಾ ಬೆಳೆದಾಗ ಎಲೀಯನಿಗೆ ಹೊಸ ಕೆಲಸ ಸಿಕ್ಕಿತು. ಹಳೆಯ ಗ್ರಂಥದಲ್ಲಿ ಇಲ್ಲದ ಬೋಧನೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ, ಎಲೀಯ ತಾನೇ ಬಂದು ತಿಳಿಸಿದ ಎಂಬ ಉತ್ತರ ಸಿದ್ಧವಿತ್ತು. ಜೆರುಸಲೇಮಿನಲ್ಲಿ 1534ರಲ್ಲಿ ಹುಟ್ಟಿ 1572ರಲ್ಲಿ ಸಫೇದ್‌ನಲ್ಲಿ ತೀರಿಕೊಂಡ ಐಸಾಕ್ ಲೂರಿಯಾ ಕಬ್ಬಾಲಾದ ದಿಕ್ಕನ್ನೇ ಬದಲಿಸಿದವರು. ಅವರಿಗೂ ಎಲೀಯನೇ ಗುರು ಎಂದು ಶಿಷ್ಯರು ನಂಬಿದರು. ಹೊಸ ವಿಚಾರಕ್ಕೆ ಹಳೆಯ ಹೆಸರಿನ ಆಸರೆ ಬೇಕಾಗುವುದು ಎಲ್ಲ ಧರ್ಮಗಳಲ್ಲೂ ಕಾಣುವ ಸಂಗತಿ.

ಪಂಡಿತರಿಗೆ ಹೀಗೆ, ಜನಸಾಮಾನ್ಯರಿಗೆ ಇನ್ನೊಂದು ಬಗೆ. ಹಸುಗೂಸುಗಳ ಪ್ರಾಣ ತೆಗೆಯಲು ಹೊರಟಿದ್ದ ಲಿಲಿತ್ ಎಂಬ ಪಿಶಾಚಿಯನ್ನು ಎಲೀಯ ದಾರಿಯಲ್ಲಿ ತಡೆದನಂತೆ. ತನ್ನ ಗುಟ್ಟಿನ ಹೆಸರುಗಳನ್ನು ಬರೆದಿಟ್ಟ ಮನೆಗೆ ಕಾಲಿಡುವುದಿಲ್ಲ ಎಂದು ಅವಳು ಮಾತು ಕೊಟ್ಟಳಂತೆ. ಈ ಕಥೆಯನ್ನೇ ಬರೆದ ತಾಯತದ ಹಾಳೆಗಳನ್ನು ಯುರೋಪ್, ಮಧ್ಯಪ್ರಾಚ್ಯದ ಯಹೂದಿಗಳು ಬಾಣಂತಿಯ ಕೋಣೆಯಲ್ಲಿ ತೂಗುಹಾಕುತ್ತಿದ್ದರು. ಬಾಗಿಲ ಮೇಲೆ ನಾಳೆ ಬಾ ಎಂದು ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದ ಕರ್ನಾಟಕದ ಊರುಗಳವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ಮಾಟವನ್ನು ನಿಷೇಧಿಸಿದ ಧರ್ಮದಲ್ಲಿ, ಮಾಟದಂತೆಯೇ ಕಾಣುವ ರಕ್ಷೆಗೆ ಪ್ರವಾದಿಯ ಹೆಸರೇ ಪರವಾನಗಿಯಾಯಿತು.

ಕೊಂಕಣಕ್ಕೆ ಬಂದ ರಥ

ಬೆನೆ ಇಸ್ರೇಲರ ನಂಬಿಕೆಯ ಪ್ರಕಾರ, ಸುಮಾರು 2,000 ವರ್ಷಗಳ ಹಿಂದೆ ಅಲಿಬಾಗ್ ಸಮೀಪದ ನವಗಾಂವ್ ಕಡಲಲ್ಲಿ ಹಡಗೊಂದು ಒಡೆಯಿತು. ಬದುಕಿ ದಡ ಸೇರಿದ್ದು ಏಳು ಗಂಡಸರು, ಏಳು ಹೆಂಗಸರು. ಧರ್ಮಗ್ರಂಥಗಳೆಲ್ಲ ನೀರುಪಾಲು. ಉಳಿದವರು ಹಳ್ಳಿಗಳಲ್ಲಿ ಗಾಣದ ಕಸುಬು ಹಿಡಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ಶನಿವಾರ ತೇಲಿ ಎಂಬ ಹೆಸರು ಬಂತು. ಊರಿನ ಹೆಸರಿಗೆ ಕರ್ ಸೇರಿಸಿ ದಿವೇಕರ್, ಪೇಣ್ಕರ್, ರೋಹೇಕರ್ ಆದರು. ಮಾತು ಮರಾಠಿಯಾಯಿತು, ಹೀಬ್ರೂ ಮರೆತುಹೋಯಿತು. ಉಳಿದದ್ದು ಶನಿವಾರದ ವಿಶ್ರಾಂತಿ, ಸುನ್ನತಿ, ಆಹಾರದ ನಿಯಮ, ಒಂದು ಚಿಕ್ಕ ಪ್ರಾರ್ಥನೆ. ಮತ್ತೆ, ಎಲೀಯ.

ಎಲೀಯನ ಹೆಸರಿನ ಆಚರಣೆಗೆ ಮಲೀದಾ ಎನ್ನುತ್ತಾರೆ. ನೆನೆಸಿದ ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ಏಲಕ್ಕಿ, ಒಣಹಣ್ಣು ಬೆರೆಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತ ಹಣ್ಣು ಜೋಡಿಸುತ್ತಾರೆ. ಹೀಬ್ರೂ ಪ್ರಾರ್ಥನೆ, ಎಲಿಯಾಹು ಹಾಡು ಆದ ಮೇಲೆ ಎಲ್ಲರಿಗೂ ಹಂಚುತ್ತಾರೆ. ಉತ್ತರ ಕರ್ನಾಟಕದ ಮೊಹರಂ ಕಂಡವರಿಗೆ ಮಲೀದಾ ಹೆಸರು ಪರಿಚಿತ. ಜನವರಿ-ಫೆಬ್ರವರಿಯಲ್ಲಿ ಬರುವ ಗಿಡಮರಗಳ ಹಬ್ಬ ತು ಬಿಶ್ವತ್ ದಿನವನ್ನು ಬೆನೆ ಇಸ್ರೇಲರು ಎಲೀಯನ ಉರುಸ್ ಎಂದೇ ಕರೆದರು. ತಟ್ಟೆ ನೋಡಿದರೆ ಹಿಂದೂ ನೈವೇದ್ಯ, ಹೆಸರು ಕೇಳಿದರೆ ಮುಸ್ಲಿಂ ದರ್ಗಾ, ಪ್ರಾರ್ಥನೆ ಯಹೂದಿಗಳದು. ಬೆರಕೆ ಆರಾಧನೆಯ ವಿರುದ್ಧ ಕತ್ತಿ ಹಿಡಿದವನ ನೆನಪನ್ನು ಇಷ್ಟು ದೂರ ಹೊತ್ತು ತಂದಿದ್ದು ಇಂಥ ಬೆರಕೆಯೇ.

ಹರಕೆ ಈ ಸಮುದಾಯದ ದೊಡ್ಡ ಆಸ್ತಿ. ಅದಕ್ಕೆ ಕರ್ನಾಟಕದ ಕೊಂಡಿಯೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿದ್ದರು. ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುವುದಾಗಿ ಅವರು ಹರಕೆ ಹೊತ್ತಿದ್ದರು ಎಂದು ಸಮುದಾಯ ನಂಬುತ್ತದೆ. 1796ರಲ್ಲಿ ಅವರು ಮುಂಬೈನ ಮಾಂಡವಿಯಲ್ಲಿ ಕಟ್ಟಿಸಿದ್ದೇ ನಗರದ ಮೊದಲ ಸಿನಗಾಗ್. ಬೆನೆ ಇಸ್ರೇಲರ ಬಾಯಲ್ಲಿ ಅದು ಜುನೀ ಮಸ್ಜಿದ್. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಹೋಗುವವರು ದಾಟುವ ಮಸ್ಜಿದ್ ನಿಲ್ದಾಣಕ್ಕೆ ಹೆಸರು ಬಂದದ್ದು ಅದರಿಂದಲೇ ಎನ್ನುವವರಿದ್ದಾರೆ.

19ನೇ ಶತಮಾನದಲ್ಲಿ ಕೊಚ್ಚಿಯ ಯಹೂದಿ ಶಿಕ್ಷಕರು ಬಂದು ಮರೆತ ಹಬ್ಬ, ಪ್ರಾರ್ಥನೆಗಳನ್ನು ಕಲಿಸಿದರು. ಆದರೂ ಅವಲಕ್ಕಿ ತಟ್ಟೆ ಜಾಗ ಬಿಡಲಿಲ್ಲ. 1948ರ ನಂತರ ಬಹುಪಾಲು ಜನ ಇಸ್ರೇಲ್‌ಗೆ ವಲಸೆ ಹೋದಾಗ ಅಲ್ಲಿ ಎದುರಾದದ್ದು ಬೇರೆಯೇ ಪರೀಕ್ಷೆ. ಇವರು ನಿಜವಾದ ಯಹೂದಿಗಳೇ ಎಂಬ ಸಂಶಯದಿಂದ ಅಲ್ಲಿನ ಧರ್ಮಗುರುಗಳ ಮಂಡಳಿ ಮದುವೆಗೆ ವಂಶ ವಿಚಾರಣೆಯ ಷರತ್ತು ಹಾಕಿತು. ಬೀದಿಗಿಳಿದು ಪ್ರತಿಭಟಿಸಿದ ಮೇಲೆ, 1964ರಲ್ಲಿ ಇಸ್ರೇಲ್ ಸರ್ಕಾರ ಅವರನ್ನು ಪೂರ್ಣ ಯಹೂದಿಗಳೆಂದು ಒಪ್ಪಿತು. ಶುದ್ಧ ಯಹೂದಿ ಪದ್ಧತಿಯಲ್ಲ ಎಂಬ ಮಾತು ಕೇಳಿದ ಮಲೀದಾ ಇಂದು ಇಸ್ರೇಲ್‌ನಲ್ಲಿ ಇದೇ ಜನರ ಗುರುತು.

ಅಲಿಬಾಗ್ ಬಳಿಯ ಖಂಡಾಳಾ ಹಳ್ಳಿಯಲ್ಲಿ (ಲೋಣಾವಳದ ಪಕ್ಕದ ಗಿರಿಧಾಮವಲ್ಲ) ಒಂದು ಬಂಡೆಯಿದೆ. ಅದರ ಮೇಲಿನ ಗುರುತುಗಳು ಎಲೀಯನ ರಥದ ಗಾಲಿ ಮತ್ತು ಕುದುರೆಯ ಗೊರಸಿನವು, ಅವನು ಮೇಲೆ ಹೋದದ್ದು ಇಲ್ಲಿಂದಲೇ ಎನ್ನುತ್ತಾರೆ. ಯೊರ್ದನ್ ನದಿ ಎಲ್ಲಿ, ಕೊಂಕಣದ ಹಳ್ಳಿ ಎಲ್ಲಿ ಎಂಬ ಪ್ರಶ್ನೆಯನ್ನು ಭಕ್ತರು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಥಾಣೆ, ಮುಂಬೈಯಿಂದ ಹರಕೆ ತೀರಿಸುವವರು ಬರುತ್ತಾರೆ. ಇಸ್ರೇಲ್‌ನಲ್ಲಿ ನೆಲೆಸಿದವರೂ ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಕರೆತಂದು ಬಂಡೆ ತೋರಿಸುತ್ತಾರೆ.