ಮೈಕೇಲ್ ಪೊಲಾನಿ

ವಿಜ್ಞಾನಿಗಳ ಚರಿತ್ರೆಗಳಲ್ಲಿ ಗೆದ್ದವರ ಕಥೆಯೇ ಹೆಚ್ಚು. ಸೋತರೆಂದು ಬಲ್ಲವರೇ ತೀರ್ಪಿತ್ತ ಮೇಲೂ ಕೆಲಸ ಬಿಡದ ಒಬ್ಬ ಮಹನೀಯರ ವಿಷಯವನ್ನು ನಾನು ಇಲ್ಲಿ ಅರಿಕೆ ಮಾಡುತ್ತೇನೆ.

ಮೈಕೇಲ್ ಪೊಲಾನಿಯವರು 1891ರಲ್ಲಿ ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದರು. ಮೊದಲು ಓದಿದ್ದು ವೈದ್ಯಶಾಸ್ತ್ರ. ಮೊದಲನೆಯ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿದ್ದವರು, ಕಾಯಿಲೆಯ ರಜೆಯಲ್ಲಿ ರಸಾಯನಶಾಸ್ತ್ರದ ಪ್ರಬಂಧ ಬರೆದರು. ಅನಿಲದ ಅಣುಗಳು ಇದ್ದಲಿನಂಥ ಘನವಸ್ತುವಿನ ಮೇಲ್ಮೈಗೆ ಏಕೆ ಅಂಟುತ್ತವೆ ಎಂಬುದೇ ಅದರ ವಿಷಯ. ಮೇಲ್ಮೈಯ ಆಕರ್ಷಣೆ ತುಸು ದೂರದವರೆಗೂ ಚಾಚಿ ಅಣುಗಳನ್ನು ಪದರಪದರವಾಗಿ ಹಿಡಿಯುತ್ತದೆಂದು ಅವರು ವಾದಿಸಿದರು. ಬರ್ಲಿನ್ನಿನಲ್ಲಿ ಇದನ್ನು ಮಂಡಿಸಿದಾಗ ಐನ್‌ಸ್ಟೈನರೂ ಹಾಬರರೂ ಒಪ್ಪಲಿಲ್ಲ. ಅಣುಗಳ ನಡುವಣ ಬಲ ವಿದ್ಯುತ್ತಿನದು, ಅದು ಹೀಗೆ ವರ್ತಿಸಲಾರದು ಎಂಬುದು ಅವರ ಆಕ್ಷೇಪ. ಒಂದೇ ಪದರ ಅಂಟುತ್ತದೆಂಬ ಅಮೆರಿಕದ ಲ್ಯಾಂಗ್‌ಮ್ಯೂರರ ಸಿದ್ಧಾಂತವೇ ಪಠ್ಯಪುಸ್ತಕಗಳನ್ನು ಸೇರಿತು. 1930ರಲ್ಲಿ ಫ್ರಿಟ್ಸ್ ಲಂಡನ್ನರ ಹೊಸ ಗಣಿತವು ಪೊಲಾನಿಯವರ ಪರವಾಗಿ ಸಾಕ್ಷಿ ನುಡಿದರೂ ಜನಾಭಿಪ್ರಾಯ ಬೇಗ ತಿರುಗಲಿಲ್ಲ.

ಅವರು ಕೈಕಟ್ಟಿ ಕೂರಲಿಲ್ಲ. 1931ರಲ್ಲಿ ಹೆನ್ರಿ ಐರಿಂಗರೊಡನೆ, ಹೈಡ್ರೊಜನ್ ಪರಮಾಣುವೊಂದು ಹೈಡ್ರೊಜನ್ ಅಣುವನ್ನು ಸಂಧಿಸುವಾಗ ಶಕ್ತಿ ಹೇಗೆ ಏರಿಳಿಯುತ್ತದೆಂದು ಲೆಕ್ಕಹಾಕಿ, ಅದನ್ನು ಬೆಟ್ಟಗುಡ್ಡಗಳ ಭೂಪಟದಂತೆ ಬಿಡಿಸಿದರು. ಘಟ್ಟ ದಾಟುವವನು ಶಿಖರ ಹತ್ತುವುದಿಲ್ಲ. ಎರಡು ಶಿಖರಗಳ ನಡುವಣ ತಗ್ಗನ್ನು ಹುಡುಕುತ್ತಾನೆ. ರಾಸಾಯನಿಕ ಕ್ರಿಯೆಯ ದಾರಿಯೂ ಹೀಗೆಯೇ. ಆ ದಾರಿಯ ಅತ್ಯುನ್ನತ ಬಿಂದುವೇ ಸಂಕ್ರಮಣ ಸ್ಥಿತಿ. ಅದರ ಎತ್ತರ ಹೆಚ್ಚಿದಷ್ಟೂ ಕ್ರಿಯೆ ನಿಧಾನ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ, ಯೆಹೂದಿ ಮೂಲದ ಪೊಲಾನಿಯವರು ಜರ್ಮನಿಯ ಹುದ್ದೆ ತೊರೆದು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋದರು. ಅಲ್ಲಿ 1935ರಲ್ಲಿ ಇವಾನ್ಸರೊಡನೆ ಸಂಕ್ರಮಣ ಸ್ಥಿತಿಯ ಸಿದ್ಧಾಂತವನ್ನು ರೂಪಿಸಿದರು. ಅದೇ ವರ್ಷ ಅಮೆರಿಕದಲ್ಲಿ ಐರಿಂಗರೂ ಅದನ್ನೇ ಪ್ರಕಟಿಸಿದರು. ಒಂದೇ ಜಾತಿಯ ಕ್ರಿಯೆಗಳಲ್ಲಿ ಹೆಚ್ಚು ಶಾಖ ಹೊಮ್ಮಿಸುವುದಕ್ಕೆ ದಾಟಬೇಕಾದ ದಿಬ್ಬ ಸಾಮಾನ್ಯವಾಗಿ ಕಿರಿದೆಂಬ ನಿಯಮಕ್ಕೂ ಇವರ ಹೆಸರಿದೆ.

ಇಂದು ಲೋಹದ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಗಳ ದಿಬ್ಬವನ್ನು ಕಂಪ್ಯೂಟರುಗಳು ಹುಡುಕುತ್ತವೆ. ಆರಂಭದಿಂದ ಅಂತ್ಯದವರೆಗೆ ಪರಮಾಣುಗಳ ಹಲವು ವಿನ್ಯಾಸಗಳನ್ನು ಮಣಿಸರದಂತೆ ಪೋಣಿಸಿ, ಆ ಸರವನ್ನು ಅತಿ ಸುಲಭದ ದಾರಿಗೆ ಜಾರಿಸುವುದು ಅದರ ಒಂದು ಕ್ರಮ. ಮೇಲ್ಮೈ ಮತ್ತು ದಿಬ್ಬ, ಪೊಲಾನಿಯವರ ಎರಡು ಚಿಂತನೆಗಳೂ ಇಲ್ಲಿ ಕೂಡಿವೆ.

1948ರಲ್ಲಿ ರಸಾಯನಶಾಸ್ತ್ರದ ಪೀಠವನ್ನು ಬಿಟ್ಟು ಅವರು ತತ್ತ್ವಚಿಂತನೆಗೆ ತೊಡಗಿದರು. 1963ರ ಲೇಖನವೊಂದರಲ್ಲಿ ತಮ್ಮ ಹಳೆಯ ಸೋಲನ್ನು ನೆನೆದರು. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆ ತೊಂದರೆಯಾದೀತೆಂದು ಮ್ಯಾಂಚೆಸ್ಟರಿನಲ್ಲಿ ತಮ್ಮ ಸಿದ್ಧಾಂತವನ್ನು ತಾವೇ ಬೋಧಿಸಲಿಲ್ಲವಂತೆ! ವಿಜ್ಞಾನಕ್ಕೆ ಇಂಥ ಶಿಸ್ತು ಅನಿವಾರ್ಯವೆಂದೇ ಅವರ ನಿಲುವು. 1976ರಲ್ಲಿ ಅವರು ತೀರಿಕೊಂಡರು.

ಅವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ನಿಲುವನ್ನು ಪೂರ್ತಿ ಒಪ್ಪಲಾರೆ. ಬುಡವಿಲ್ಲದ ಮಾತುಗಳಿಂದ ವಿಜ್ಞಾನವನ್ನು ಕಾಯಲು ಶಿಸ್ತು ಬೇಕು, ನಿಜ. ಆದರೆ ಪರೀಕ್ಷೆಗಾಗಿ ಮಾತ್ರ ಓದುವ ನಮಗೆ, ತರಗತಿಯಲ್ಲಿ ಬಾಯಿಗೆ ಬಾರದ ಸತ್ಯ ತಲುಪುವ ಬಗೆ ಹೇಗೆ? ಪಠ್ಯದಾಚೆಗೂ ಓದುವುದೊಂದೇ ನನಗೆ ತೋರುವ ದಾರಿ.