ಉಪ್ಪುನೀರಿನಲ್ಲಿ ಜೀವದ ಮರ್ಮವನ್ನು ಕಂಡ ಸಿಡ್ನಿ ರಿಂಗರ್

ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ನಮ್ಮಲ್ಲಿ ಮನೆಮಾತು. ಆದರೆ ಉಪ್ಪಿನ ಕಾರ್ಯವು ನಾಲಗೆಯಲ್ಲಿಯೇ ಮುಗಿಯುವುದಿಲ್ಲ. ನಮ್ಮ ಹೃದಯದ ಒಂದೊಂದು ಬಡಿತವೂ ರಕ್ತದಲ್ಲಿರುವ ಲವಣಗಳ ಹದವನ್ನು ಅವಲಂಬಿಸಿದೆ. ಈ ಸತ್ಯವನ್ನು ಪ್ರಯೋಗದಿಂದ ತೋರಿಸಿಕೊಟ್ಟ ಮಹನೀಯರು ಆಂಗ್ಲ ವೈದ್ಯರಾದ ಡಾಕ್ಟರ್ ಸಿಡ್ನಿ ರಿಂಗರ್.

1835ರ ಸುಮಾರಿಗೆ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದ ರಿಂಗರ್ ಬಾಲ್ಯದಲ್ಲಿಯೇ ಪಿತೃವಿಯೋಗಕ್ಕೆ ಗುರಿಯಾದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1860ರಲ್ಲಿ ವೈದ್ಯಕೀಯ ಪದವಿಯನ್ನು ಪಡೆದರು. ಆ ಕಾಲೇಜಿಗೆ ಸೇರಿದ ಆಸ್ಪತ್ರೆಯೇ 1900ರಲ್ಲಿ ನಿವೃತ್ತರಾಗುವವರೆಗೂ ಅವರ ಕಾರ್ಯಕ್ಷೇತ್ರವಾಯಿತು. ಚಿಕಿತ್ಸಾಶಾಸ್ತ್ರವನ್ನು ಕುರಿತು 1869ರಲ್ಲಿ ಅವರು ಬರೆದ ಕೈಪಿಡಿ 13 ಆವೃತ್ತಿಗಳನ್ನು ಕಂಡಿತು. ರೋಗಿಗಳ ಆರೈಕೆ, ವಿದ್ಯಾರ್ಥಿಗಳಿಗೆ ಪಾಠ ಇವುಗಳ ನಡುವೆ ಉಳಿದ ಸ್ವಲ್ಪ ಸಮಯವನ್ನೂ ಅವರು ವ್ಯರ್ಥಮಾಡದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದರು.

ಅಲ್ಲಿ ಅವರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿರಿಸಿ, ಅದರ ಬಡಿತವನ್ನು ಪರೀಕ್ಷಿಸುತ್ತಿದ್ದರು. ಭಟ್ಟಿಯಿಳಿಸಿದ ಶುದ್ಧ ಜಲಕ್ಕೆ ಅಡಿಗೆಯ ಉಪ್ಪನ್ನು ಬೆರೆಸಿದರೆ ಹೃದಯವು ಬಹುಕಾಲ ಬಡಿಯುವುದೆಂದು 1882ರಲ್ಲಿ ಅವರಿಗೆ ತೋರಿತು. ಆದರೆ ಮುಂದೆ ನಿಜವಾಗಿಯೂ ಶುದ್ಧವಾದ ಜಲವನ್ನು ಬಳಸಿದಾಗ ಅದೇ ಹೃದಯವು ಬಲಗುಂದಿ ಬೇಗನೆ ನಿಂತುಹೋಯಿತು. ವಿಚಾರಿಸಲಾಗಿ, ಮೊದಲು ದ್ರಾವಣವನ್ನು ಸಿದ್ಧಪಡಿಸಿದ ಸಹಾಯಕನು ನಲ್ಲಿಯ ನೀರನ್ನು ಬಳಸಿದ್ದನೆಂದು ತಿಳಿದುಬಂದಿತು. ಆ ನೀರಿನಲ್ಲಿ ಕರಗಿದ್ದ ಅತ್ಯಲ್ಪ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ನಡೆಸುತ್ತಿತ್ತು!

ಕೀರ್ತಿವಂತನಾದ ಪ್ರಾಧ್ಯಾಪಕನು ಇಂಥ ಸಂಗತಿಯನ್ನು ಮುಚ್ಚಿಡಬಹುದಾಗಿತ್ತು. ರಿಂಗರ್ ಹಾಗೆ ಮಾಡಲಿಲ್ಲ. ಹಿಂದಿನ ಲೇಖನದ ತಪ್ಪನ್ನು 1883ರಲ್ಲಿ ತಾವೇ ಪ್ರಕಟಿಸಿ, ಅದರಿಂದಲೇ ಹೊಸ ಸತ್ಯವನ್ನು ಹೊರತೆಗೆದರು. ಕ್ಯಾಲ್ಸಿಯಂ ಹೃದಯವನ್ನು ಸಂಕುಚಿಸುತ್ತದೆ. ಪೊಟಾಸಿಯಂ ಅದನ್ನು ಸಡಿಲಿಸುತ್ತದೆ. ಯಾವುದೊಂದು ಮಿತಿಮೀರಿದರೂ ಹೃದಯ ನಿಲ್ಲುತ್ತದೆ. ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ ಮೂರೂ ತಕ್ಕ ಪ್ರಮಾಣದಲ್ಲಿದ್ದರೆ ಮಾತ್ರ ಬಡಿತವು ಕ್ರಮವಾಗಿ ಸಾಗುತ್ತದೆ.

ಇದರ ಒಳಗುಟ್ಟು ತಿಳಿದದ್ದು ಅವರ ಕಾಲಾನಂತರ. ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟಾಸಿಯಂ ಹೆಚ್ಚು. ಕೋಶವನ್ನು ಸುತ್ತಿರುವ ತೆಳುಪೊರೆಯಲ್ಲಿ ನೆಲೆಗೊಂಡ ಪ್ರೋಟೀನೊಂದು ಪಂಪಿನಂತೆ ದುಡಿದು, ಪ್ರತಿ ಸಲವೂ 3 ಸೋಡಿಯಂ ಅಯಾನುಗಳನ್ನು ಹೊರಗೆ ದೂಡಿ 2 ಪೊಟಾಸಿಯಂ ಅಯಾನುಗಳನ್ನು ಒಳಗೆ ಸೆಳೆಯುತ್ತದೆ. ಏಡಿಯ ನರಗಳಲ್ಲಿ ಇದನ್ನು ಗುರುತಿಸಿ 1957ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕದ ಗೌರವ ದೊರೆಯಿತು. ಕ್ಯಾಲ್ಸಿಯಂ ಅನ್ನು ಹೃದಯದ ಕೋಶಗಳು ಒಳಗಣ ಚೀಲಗಳಲ್ಲಿ ಕೂಡಿಟ್ಟು, ಬಡಿತದ ಕ್ಷಣದಲ್ಲಿ ಬಿಡುಗಡೆಮಾಡಿ, ಮರುಕ್ಷಣವೇ ಅದರ ಬಹುಭಾಗವನ್ನು ಹಿಂದಕ್ಕೆ ತುಂಬಿಕೊಳ್ಳುತ್ತವೆ. ಪ್ರತಿಯೊಂದು ಪ್ರೋಟೀನಿಗೂ ಗೊತ್ತಾದ ಸ್ಥಾನ, ಗೊತ್ತಾದ ಕೆಲಸ. ನಾವು ವಿಶ್ರಮಿಸುವಾಗಲೂ ದೇಹದ ಶಕ್ತಿಯ ಸುಮಾರು ಐದನೆಯ ಒಂದು ಪಾಲು ಸೋಡಿಯಂ ಪಂಪಿನ ದುಡಿಮೆಗೇ ವ್ಯಯವಾಗುತ್ತದೆ. ಈ ದುಡಿಮೆ ನಿಂತರೆ ಜೀವವೂ ನಿಲ್ಲುತ್ತದೆ.

ನಿವೃತ್ತರಾದ ರಿಂಗರ್ ಯಾರ್ಕ್‌ಷೈರಿನ ಲಾಸ್ಟಿಂಗ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಎಳೆಯ ವಯಸ್ಸಿನಲ್ಲಿ ಅಗಲಿದ ಮಗಳ ಸ್ಮರಣಾರ್ಥವಾಗಿ ಅಲ್ಲಿಯ ಪುರಾತನ ಚರ್ಚನ್ನು ಅವರು ಹಿಂದೆಯೇ ಜೀರ್ಣೋದ್ಧಾರ ಮಾಡಿಸಿದ್ದರು. 1910ರ ಅಕ್ಟೋಬರ್ 14ರಂದು ಕಾಲವಶರಾದರು.

ಅವರ ದ್ರಾವಣಕ್ಕೆ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ 1930ರ ದಶಕದಲ್ಲಿ ಲ್ಯಾಕ್ಟೇಟ್ ಎಂಬ ಲವಣವನ್ನು ಸೇರಿಸಿದರು. ವಾಂತಿಭೇದಿಯಿಂದ ಬಳಲಿದವರಿಗೆ, ಗಾಯದಿಂದ ರಕ್ತ ಕಳೆದುಕೊಂಡವರಿಗೆ ಇಂದು ಆಸ್ಪತ್ರೆಗಳಲ್ಲಿ ಅದನ್ನೇ ನರದ ಮೂಲಕ ಹನಿಹನಿಯಾಗಿ ಏರಿಸುತ್ತಾರೆ. ನಮ್ಮವರಾರಾದರೂ ಹಾಸಿಗೆ ಹಿಡಿದಾಗ ತಲೆಯ ಮೇಲೆ ತೂಗುವ ಸೀಸೆಯನ್ನು ವಾಚಕರು ಒಮ್ಮೆ ಗಮನಿಸಲಿ. ರಿಂಗರ್ ಲ್ಯಾಕ್ಟೇಟ್ ಎಂಬ ಅಕ್ಷರಗಳು ಅದರ ಮೇಲೆ ಕಂಡರೆ, ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಆ ವೈದ್ಯನ ಸತ್ಯನಿಷ್ಠೆಯ ಫಲವೇ ಅದೆಂದು ತಿಳಿಯಬೇಕು.