ಅಭಿಷಿಕ್ತನ ನಿರೀಕ್ಷೆ ಮತ್ತು ಪೌಲನ ಬದುಕು

ಯೇಸುಕ್ರಿಸ್ತ ಎಂಬ ಹೆಸರಿನ ಉತ್ತರಾರ್ಧವು ಮೂಲತಃ ಹೆಸರಲ್ಲ, ಪದವಿ ಎಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಎಣ್ಣೆಯಿಂದ ಅಭಿಷೇಕಗೊಂಡವನು ಎಂಬ ಅರ್ಥದ ಹೀಬ್ರೂ ಪದವೇ ಮೆಸ್ಸೀಯ. ಅದರ ಗ್ರೀಕ್ ಅನುವಾದ ಕ್ರಿಸ್ತೋಸ್. ಪಟ್ಟಾಭಿಷೇಕದ ಕಲ್ಪನೆಯುಳ್ಳ ಕನ್ನಡಕ್ಕೆ ಅಭಿಷಿಕ್ತ ಎಂಬ ಮಾತು ಸಹಜವಾಗಿ ಒದಗುತ್ತದೆ. ಯೆಹೂದ್ಯ ಗ್ರಂಥಗಳ ಪರಿಚಯವಿಲ್ಲದ ಗ್ರೀಕನಿಗಾದರೋ ಅದು ಏನನ್ನೋ ಲೇಪಿಸಿದ್ದು ಎಂಬಷ್ಟೇ ಅರ್ಥ ಕೊಡುವ ಪದ. ಈ ಪದವನ್ನು ಗ್ರೀಕ್ ಜಗತ್ತಿನ ಊರೂರಿಗೆ ಕೊಂಡೊಯ್ದವರಲ್ಲಿ ಪೌಲ ಮುಖ್ಯನು. ಯೆಹೂದ್ಯ ಧರ್ಮವನ್ನು ತೊರೆದು ಹೊಸ ಧರ್ಮವನ್ನು ಕಟ್ಟಿದವನೆಂದು ಅವನನ್ನು ಚಿತ್ರಿಸುವ ರೂಢಿ ಬಹುಕಾಲದಿಂದ ಇದೆ. ಅವನ ಬದುಕಿನ ವಿವರಗಳು ಈ ಚಿತ್ರಕ್ಕೆ ಒಗ್ಗುವುದಿಲ್ಲ.

ಅವನ ಹೆಸರಿನಲ್ಲಿರುವ ಪತ್ರಗಳಲ್ಲಿ ಏಳನ್ನು ವಿದ್ವಾಂಸರು ನಿರ್ವಿವಾದವಾಗಿ ಅವನವೆಂದೇ ಒಪ್ಪಿದ್ದಾರೆ. ತಾನು ಬೆನ್ಯಾಮೀನನ ಕುಲದವನು, ಎಂಟನೆಯ ದಿನ ಸುನ್ನತಿಯಾದವನು, ಫರಿಸಾಯನು ಎಂದು ಅವುಗಳಲ್ಲಿ ಅವನೇ ಹೇಳಿಕೊಂಡಿದ್ದಾನೆ. ತಾರ್ಸದಲ್ಲಿ ಹುಟ್ಟಿದ್ದು, ಯೆರೂಸಲೇಮಿನಲ್ಲಿ ಗಮಲಿಯೇಲನ ಬಳಿ ಕಲಿತದ್ದು ಇತ್ಯಾದಿ ಸಂಗತಿಗಳು ಅನಂತರ ರಚಿತವಾದ ಅಪೊಸ್ತಲರ ಕೃತ್ಯಗಳಿಂದ ತಿಳಿದುಬರುತ್ತವೆ. ಅವನ ಯೆಹೂದ್ಯ ಹೆಸರು ಸೌಲ. ಇಸ್ರಾಯೇಲಿನ ಮೊದಲ ಅಭಿಷಿಕ್ತ ಅರಸನ ಹೆಸರೂ ಅದೇ, ಕುಲವೂ ಅದೇ. ಮತಾಂತರವಾದಾಗ ಸೌಲನು ಪೌಲನಾದನೆಂಬ ಜನಪ್ರಿಯ ಗ್ರಹಿಕೆಗೆ ಆಧಾರವಿಲ್ಲ. ಅವನಿಗೆ ಎರಡು ಹೆಸರುಗಳಿದ್ದವು, ಅಷ್ಟೆ.

ಯೆಹೂದ್ಯರ ನಿರೀಕ್ಷೆಯೂ ಏಕರೂಪವಾಗಿರಲಿಲ್ಲ. ಹೀಬ್ರೂ ಗ್ರಂಥಗಳಲ್ಲಿ ಅರಸರೂ ಪುರೋಹಿತರೂ ಅಭಿಷಿಕ್ತರೇ. ಯೆಶಾಯನ ಗ್ರಂಥವು ಪರ್ಷಿಯದ ದೊರೆ ಸೈರಸ್‌ನಿಗೂ ಆ ಪದವನ್ನು ಸಲ್ಲಿಸುತ್ತದೆ. ಬಾಬಿಲೋನಿಯನ್ನರಿಂದ ದಾವೀದವಂಶದ ಅರಸೊತ್ತಿಗೆ ಅಳಿದ ಮೇಲೆ ಬರಲಿರುವ ಅರಸನ ಹಂಬಲ ಬೆಳೆಯಿತು. ಕ್ರಿ.ಪೂ. 63ರಲ್ಲಿ ಪಾಂಪೆ ಯೆರೂಸಲೇಮನ್ನು ಹಿಡಿದ ಆಘಾತವನ್ನು ಉಂಡ ಸೊಲೊಮೋನನ ಕೀರ್ತನೆಗಳು ಎಂಬ ಕೃತಿ, ಪರಕೀಯರನ್ನು ಅಟ್ಟುವ ದಾವೀದಪುತ್ರನನ್ನು ಎದುರುನೋಡುತ್ತದೆ. 1947ರಿಂದ ಬೆಳಕಿಗೆ ಬಂದ ಕುಮ್ರಾನಿನ ಸುರುಳಿಗಳಲ್ಲಿ ಪುರೋಹಿತನೊಬ್ಬ, ಅರಸನೊಬ್ಬ, ಹೀಗೆ ಇಬ್ಬರು ಅಭಿಷಿಕ್ತರ ನಿರೀಕ್ಷೆ ಕಾಣುತ್ತದೆ. ರೋಮನರ ಶಿಲುಬೆಯಲ್ಲಿ ಸತ್ತವನಿಗೆ ಇವುಗಳಲ್ಲಿ ಸ್ಥಳವಿಲ್ಲ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡವೇ ಸಾರುತ್ತದೆ. ಪೌಲನು ಯೇಸುವಿನ ಅನುಯಾಯಿಗಳನ್ನು ಹಿಂಸಿಸಿದ್ದರ ಹಿಂದೆ ಈ ವಚನದ ಪಾಲೂ ಇದ್ದಿರಬಹುದು.

ದಮಸ್ಕದ ದಾರಿಯ ಪ್ರಸಂಗವು ಪ್ರಸಿದ್ಧವಾದುದು. ಪೌಲನು ಮಾತ್ರ ಅದನ್ನು ತಾಯಗರ್ಭದಿಂದಲೇ ಆರಿಸಲ್ಪಟ್ಟ ಪ್ರವಾದಿಗಳ ಧಾಟಿಯಲ್ಲಿ ಬಣ್ಣಿಸುತ್ತಾನೆ. ಅದು ಮತಾಂತರವಲ್ಲ, ಕರೆ ಎಂದು ಕ್ರಿಸ್ಟರ್ ಸ್ಟೆಂಡಾಲ್ 1976ರ ತಮ್ಮ ಕೃತಿಯಲ್ಲಿ ವಾದಿಸಿದರು. ಆ ವಾದ ಒಪ್ಪತಕ್ಕದ್ದೆಂದು ನಮ್ಮ ಅಭಿಪ್ರಾಯ. ಏಕೆಂದರೆ ತನ್ನನ್ನು ಬಾಧಿಸಿರಬಹುದಾದ ಶಾಪದ ವಚನವನ್ನು ಪೌಲನು ಕೈಬಿಡಲಿಲ್ಲ. ಅಭಿಷಿಕ್ತನು ಇತರರ ಶಾಪವನ್ನು ತಾನು ಹೊತ್ತನೆಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದೇ ವಚನದಿಂದ ಸಾಧಿಸಿದನು. ಪುನರುತ್ಥಾನದ ವಿಷಯದಲ್ಲೂ ಹೀಗೆಯೇ. ಕಡೆಯ ಕಾಲದಲ್ಲಿ ಸತ್ತವರು ಏಳುವರೆಂಬುದು ಫರಿಸಾಯರ ನಂಬಿಕೆ. ಯೇಸು ಆ ಸುಗ್ಗಿಯ ಪ್ರಥಮಫಲ ಎಂದು ಪೌಲನು ದೇವಾಲಯಕ್ಕೆ ಅರ್ಪಿಸುವ ಮೊದಲ ತೆನೆಯ ರೂಪಕದಲ್ಲಿ ಹೇಳಿದನು. ಆ ಕಾಲ ಆರಂಭವಾಗಿದೆ ಎಂದಾದರೆ, ಪ್ರವಾದಿಗಳು ನುಡಿದಂತೆ ಅನ್ಯಜನಾಂಗಗಳು ಇಸ್ರಾಯೇಲಿನ ದೇವರ ಬಳಿಗೆ ಅನ್ಯಜನಾಂಗಗಳಾಗಿಯೇ ಬರಬೇಕು. ಅವರಿಗೆ ಸುನ್ನತಿ ಏಕೆ? ಅಂತಿಯೋಕ್ಯದಲ್ಲಿ ಅನ್ಯರ ಪಂಕ್ತಿಯಿಂದ ಹಿಂಜರಿದ ಪೇತ್ರನನ್ನು ಅವನು ಎಲ್ಲರೆದುರು ತರಾಟೆಗೆ ತೆಗೆದುಕೊಂಡದ್ದು ಈ ಕಾರಣಕ್ಕೆ. ಸಹಪಂಕ್ತಿಯ ಪ್ರಶ್ನೆ ಎಷ್ಟು ಆಳದ್ದೆಂದು ನಮಗೆ ವಿವರಿಸಬೇಕಾಗಿಲ್ಲ.

ಕೊರಿಂಥದಲ್ಲಿ ಅವನನ್ನು ಪ್ರಾಂತಾಧಿಕಾರಿ ಗಲ್ಲಿಯೋನನ ಎದುರಿಗೆ ನಿಲ್ಲಿಸಲಾಯಿತು. ಗಲ್ಲಿಯೋನನನ್ನು ಹೆಸರಿಸುವ ಡೆಲ್ಫಿಯ ಶಾಸನದಿಂದ ಆ ಕಾಲವನ್ನು ಸುಮಾರು ಕ್ರಿ.ಶ. 51–52 ಎಂದು ನಿರ್ಧರಿಸಬಹುದಾಗಿದೆ. ಕೆಲವು ವರ್ಷಗಳ ಅನಂತರ ರೋಮಿನವರಿಗೆ ಬರೆದ ಪತ್ರದ ಆರಂಭದಲ್ಲೇ ಅವನು ಯೇಸುವನ್ನು ದಾವೀದನ ಸಂತಾನವೆಂದು ಕರೆಯುತ್ತಾನೆ. ಸ್ವಜನರು ಒಪ್ಪಲಿಲ್ಲವೆಂಬ ದುಃಖ ಅವನನ್ನು ಬಿಡಲಿಲ್ಲ. ಆದರೂ ಎಣ್ಣೆಮರದ ಬೇರು ಇಸ್ರಾಯೇಲೇ, ಅನ್ಯರು ಕಸಿಗೊಂಡ ಕಾಡುಕೊಂಬೆಗಳು, ಅವರು ಮೂಲಕೊಂಬೆಗಳೆದುರು ಹೆಚ್ಚಳಪಡಬಾರದು ಎಂದು ಎಚ್ಚರಿಸಿದನು. ಯುರೋಪಿನ ಚರ್ಚುಗಳು ಈ ಎಚ್ಚರಿಕೆಯನ್ನು ಶತಮಾನಗಳ ಕಾಲ ಮರೆತದ್ದರ ಬೆಲೆಯನ್ನು ಯೆಹೂದ್ಯರು ತೆತ್ತರು.

ಅನ್ಯರ ಸಭೆಗಳಿಂದ ಸಂಗ್ರಹಿಸಿದ ಹಣವನ್ನು ಯೆರೂಸಲೇಮಿನ ಬಡವರಿಗೆ ಮುಟ್ಟಿಸುವ ಹಂಬಲದಿಂದ ಅವನು ಅಲ್ಲಿಗೆ ಹಿಂದಿರುಗಿದನು. ಅನ್ಯನೊಬ್ಬನನ್ನು ದೇವಾಲಯದ ಒಳಗೆ ಕರೆತಂದನೆಂಬ ಆರೋಪ ಎದ್ದಿತು. ಆಗ ಅವನು ಅಲ್ಲಿ ಯೆಹೂದ್ಯ ವಿಧಿಯಂತೆ ಶುದ್ಧೀಕರಣ ಮಾಡಿಸಿಕೊಳ್ಳುತ್ತಿದ್ದನೆಂಬುದನ್ನು ಮರೆಯಲಾಗದು. ಕೈಸರೈಯದಲ್ಲಿ ಸೆರೆವಾಸ, ಅಲ್ಲಿಂದ ರೋಮಿಗೆ ಪಯಣ. ನೀರೋವಿನ ಕಾಲದಲ್ಲಿ ಅಲ್ಲಿಯೇ ಅವನ ವಧೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ದೇವಾಲಯವು ಕ್ರಿ.ಶ. 70ರಲ್ಲಿ ನಾಶವಾಯಿತು. ಪೌಲನ ಪತ್ರಗಳಲ್ಲಿ ಕ್ರೈಸ್ತ ಎಂಬ ಪದ ಒಮ್ಮೆಯೂ ಬರುವುದಿಲ್ಲ.